ತಡೆಚಕ್ರ

ನಮ್ಮ ಊರಿನ ಸೇತುವೆಗಳು ಕರೆದರೆ ಬರುತ್ತವೆ, ಕರೆಯದಿದ್ದರೆ ಇರುವುದಿಲ್ಲ. ಊರನ್ನು ಎರಡು ಹೋಳು ಮಾಡಿರುವ ಕೊರಕಲಿಗೆ ಅಂಥವು ನಾಲ್ಕಿವೆ. ಹೆಚ್ಚು ಜನ ಓಡಾಡುವುದು ಸಂತೆಕಟ್ಟೆಯ ಹತ್ತಿರದ್ದರಲ್ಲಿ. ಸೇತುವೆ ಬರುವಾಗ ಮೊದಲು ಕಾಣುತ್ತದೆ, ಆಮೇಲೆ ಭಾರ ಹೊರುತ್ತದೆ. ಇವೆರಡರ ನಡುವಿನ ಹೊತ್ತು ಇಷ್ಟೇ ಅಂತ ಇಲ್ಲ. ಒಮ್ಮೊಮ್ಮೆ ಒಂದು ಕೆಮ್ಮು ಮುಗಿಯುವಷ್ಟರಲ್ಲಿ ಗಟ್ಟಿಯಾಗುತ್ತದೆ, ಒಮ್ಮೊಮ್ಮೆ ಎಲೆಯಡಿಕೆ ಹಾಕಿಕೊಂಡು ಜಗಿದು ಉಗಿಯುವಷ್ಟು ಹೊತ್ತು ಹಿಡಿಯುತ್ತದೆ. ಕಂಡ ಸೇತುವೆಗೂ ಗಟ್ಟಿಯಾದ ಸೇತುವೆಗೂ ನೋಡಲು ಏನೂ ವ್ಯತ್ಯಾಸವಿಲ್ಲ. ಅದೇ ಹಲಗೆಗಳು, ಅದೇ ಕಬ್ಬಿಣದ ಕಂಬಿ, ಮೂರನೇ ಹಲಗೆಯ ಮೇಲೆ ಯಾರೋ ಯಾವಾಗಲೋ ಬಳಿದ ಅದೇ ಸುಣ್ಣದ ಗುರುತು. ಕೊನೆಯ ಕಾಲು ಆಚೆ ದಡಕ್ಕೆ ಇಳಿದ ಮೇಲೆ ಅದು ಹೋಗುತ್ತದೆ. ಎಲ್ಲಿಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಸೇತುವೆಯನ್ನು ಯಾರೂ ಕಣ್ಣಿಂದ ನಂಬುವುದೂ ಇಲ್ಲ. ನಂಬುತ್ತಿರಲಿಲ್ಲ ಅನ್ನಬೇಕು.

ನಮ್ಮ ಕಚೇರಿಯ ಬೋರಲಿಂಗಣ್ಣನ ಅಪ್ಪ ಸಂತೆಕಟ್ಟೆಯ ದಡದಲ್ಲಿ ಜಾಗಟೆ ಹೊಡೆಯುವ ಕೆಲಸದಲ್ಲಿದ್ದ. ಜಾಗಟೆ ಬಾರಿಸಿ ಸೇತುವೆ ಕರೆಯುವುದು, ಅದು ಕಂಡ ಮೇಲೆ ಒಂದು ಕಲ್ಲು ಎಸೆಯುವುದು. ಕಲ್ಲು ಹಲಗೆಯೊಳಗಿಂದ ತೂರಿ ಕೆಳಗೆ ಹೋದರೆ ಇನ್ನೂ ಕಾಯಬೇಕು, ಟಕ್ ಅಂದರೆ ನಡೆಯಬಹುದು. ಆಮೇಲೆ ಕಂಬಕ್ಕೆ ಕರೆಂಟಿನ ಗಂಟೆ ಬಂತು, ಕೆಂಪು ಬಲ್ಬು ಬಂತು. ಹನ್ನೊಂದು ವರ್ಷದ ಹಿಂದೆ ನಮ್ಮ ಕಚೇರಿಯವರು ಸೇತುವೆ, ನೀರು, ದಾರಿದೀಪ ಎಲ್ಲಕ್ಕೂ ಸೇರಿಸಿ ಒಂದು ಆ್ಯಪ್ ಮಾಡಿಸಿದರು. ದಡದ ಬಂಡೆಯೊಳಗೆ ಹುಗಿದಿರುವ ತಂತಿಗೆ ಸೇತುವೆ ಗಟ್ಟಿಯಾದದ್ದು ಗೊತ್ತಾಗುತ್ತದೆ, ತಂತಿ ಅದನ್ನು ಫೋನಿಗೆ ಹೇಳುತ್ತದೆ.

ಆ್ಯಪಿನಲ್ಲಿ ‘ಕರೆ’ ಎಂದು ಒತ್ತಿದರೆ ಸ್ಕ್ರೀನ್ ಪೂರ್ತಿ ಕಪ್ಪಾಗಿ, ನಡುವೆ ಒಂದು ಬಿಳಿ ಪೆಟ್ಟಿಗೆ ಬಂದು, ಅದರೊಳಗೆ ಚಕ್ರವೊಂದು ತಿರುಗುತ್ತಿತ್ತು. ಅದು ತಿರುಗುವಷ್ಟು ಹೊತ್ತು ಬೆರಳಲ್ಲಿ ಎಷ್ಟು ಕುಟ್ಟಿದರೂ ಫೋನು ಜಗ್ಗುತ್ತಿರಲಿಲ್ಲ. ಮೆಸೇಜು ಕೂಡ ಒಳಗೆ ಬರುತ್ತಿರಲಿಲ್ಲ. ಸೇತುವೆ ಗಟ್ಟಿಯಾದ ಕೂಡಲೇ ದಡದಲ್ಲಿದ್ದ ಎಲ್ಲರ ಫೋನೂ ಒಟ್ಟಿಗೆ ಗುಂಯ್ ಎಂದು ನಡುಗಿ ಚಕ್ರ ಮಾಯವಾಗುತ್ತಿತ್ತು. ಕಚೇರಿಯಲ್ಲಿ ನಾವು ಅದಕ್ಕೆ ತಡೆಚಕ್ರ ಅನ್ನುತ್ತಿದ್ದೆವು.

ಆ ಚಕ್ರ ಊರಿಗೆ ಒಂದು ಅಭ್ಯಾಸ ಕಲಿಸಿತ್ತು. ‘ಕರೆ’ ಒತ್ತಿದವರು ತಲೆ ತಗ್ಗಿಸುತ್ತಿದ್ದರು. ಚಕ್ರ ನಿಂತ ಮೇಲೇ ತಲೆ ಎತ್ತುತ್ತಿದ್ದದ್ದು. ಹಾಗಾಗಿ ಬರೀ ಕಂಡ ಸೇತುವೆಯ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ಫೋನ್ ಇಲ್ಲದವರೂ ಪಕ್ಕದವರನ್ನು ನೋಡಿ ತಗ್ಗಿಸುತ್ತಿದ್ದರು. ಮದುವೆ ದಿಬ್ಬಣ ಬಂದರೂ ಹಾಗೇ, ವಾಲಗದವನು ಊದುವುದನ್ನು ನಿಲ್ಲಿಸಿ ತಲೆ ಬಗ್ಗಿಸುತ್ತಿದ್ದ. ಹೆಣ ಹೊತ್ತವರಲ್ಲಿ ಒಬ್ಬ ಬಿಡುವಾದ ಕೈಯಲ್ಲಿ ಫೋನ್ ಒತ್ತಿದರೆ ಉಳಿದ ಮೂವರ ತಲೆ ತಾನಾಗಿ ಇಳಿಯುತ್ತಿತ್ತು. ಒಮ್ಮೆ ಹೊರಗಿನಿಂದ ಬಂದ ಬಳೆಗಾರನೊಬ್ಬ, “ಇಲ್ಲಿ ಯಾವ ದೇವ್ರು ಅದೆ? ಗುಡಿನೇ ಕಾಣ್ತಿಲ್ಲ” ಅಂತ ಕೇಳಿದ್ದು ಊರಲ್ಲಿ ಇನ್ನೂ ತಮಾಷೆಯ ಮಾತು.

ನನಗೆ ಅದು ತಮಾಷೆ ಅನ್ನಿಸಿರಲಿಲ್ಲ. ಹೊರಗೆ ಹಾಸ್ಟೆಲಿನಲ್ಲಿದ್ದು ಓದಿ ಬಂದು, ಕಚೇರಿಯಲ್ಲಿ ಆ್ಯಪಿನ ಕೋಡ್ ಬರೆಯಲು ಸೇರಿದವಳು ನಾನು. ಸಾಲಾಗಿ ನಿಂತ ಇಪ್ಪತ್ತು ತಲೆಗಳು ಒಟ್ಟಿಗೆ ಬಗ್ಗುವುದನ್ನು ನೋಡಿದಾಗ ನಾಚಿಕೆಯಾಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ಮುಂದೆ ಆದದ್ದಕ್ಕೂ ಇದಕ್ಕೂ ಸಂಬಂಧವಿದೆ.

ಕೋಡ್ ಬರೆಯುವ ಪುಟದಲ್ಲಿ ಹಳತಾದ ಭಾಗಗಳ ಹೆಸರಿನ ಮೇಲೆ ಅಡ್ಡಗೆರೆ ಬೀಳುತ್ತದೆ. ಗೆರೆ ಬಿದ್ದ ಮೇಲೂ ಅವು ಕೆಲಸ ಮಾಡುತ್ತಿರುತ್ತವೆ, ಆದರೆ ಇನ್ನು ಇವನ್ನು ನಂಬಬೇಡಿ, ಬೇರೆಯದನ್ನು ಹಾಕಿಕೊಳ್ಳಿ ಎಂದು ಅರ್ಥ. ತಡೆಚಕ್ರದ ಮೇಲೆ ಗೆರೆ ಬಿದ್ದು ಆರು ವರ್ಷವಾಗಿತ್ತು. ಪ್ರತಿ ವರ್ಷ ನಮ್ಮ ಕಚೇರಿ ‘ಮುಂದಿನ ವರ್ಷ’ ಅನ್ನುತ್ತಿತ್ತು. ಈ ಸಲ ಫೋನ್ ತಯಾರಿಸುವ ಕಂಪನಿಯಿಂದ ನೋಟಿಸು ಬಂತು: ತಿಂಗಳ ಕೊನೆಯೊಳಗೆ ಗೆರೆ ಬಿದ್ದದ್ದನ್ನೆಲ್ಲ ತೆಗೆಯದಿದ್ದರೆ ಹೊಸ ಫೋನುಗಳಲ್ಲಿ ಆ್ಯಪ್ ತೆರೆಯುವುದೇ ಇಲ್ಲ. ಅದರಲ್ಲಿ ಕಾರಣವೂ ಇತ್ತು. ‘ಈ ಚಕ್ರ ಬಳಕೆದಾರರನ್ನು ಬೇರೇನೂ ಮಾಡದಂತೆ ತಡೆಯುತ್ತದೆ. ಇದರ ಬದಲು ಪುಟದೊಳಗೇ ಒಂದು ಸಣ್ಣ ಚಕ್ರ ತೋರಿಸಿ.’

ಆ ಕಾರಣ ನನಗೆ ಸರಿಯೆನಿಸಿತು. ನಮ್ಮ ಮುಖ್ಯಸ್ಥೆ ಗಂಗಾಂಬಿಕೆ ಮೇಡಂ ಕೆಲಸವನ್ನು ನನಗೇ ಕೊಟ್ಟರು. ತಡೆಚಕ್ರ ನಲವತ್ತೊಂದು ಕಡೆ ಇತ್ತು: ನೀರಿನ ಅರ್ಜಿಯ ಪುಟ, ದೂರಿನ ಪುಟ, ದಾರಿದೀಪದ ಪುಟ, ಹೀಗೆ. ಒಂದೊಂದನ್ನೇ ಕಿತ್ತು ಸಣ್ಣ ಚಕ್ರ ಕೂರಿಸುತ್ತಾ ಹೋದೆ. ಮೂವತ್ತೆಂಟನೆಯದು ಸೇತುವೆಯದ್ದು. ಉಳಿದವುಗಳಿಗೆ ಎಷ್ಟು ಹೊತ್ತು ಹಿಡಿಯಿತೋ ಅದಕ್ಕೂ ಅಷ್ಟೇ ಹಿಡಿಯಿತು, ಹತ್ತು ನಿಮಿಷ.

ಪರೀಕ್ಷೆ ಮಾಡುವುದು ಬೋರಲಿಂಗಣ್ಣನ ಕೆಲಸ. ಸಂತೆಕಟ್ಟೆಗೆ ಹೋಗಿ ಹತ್ತು ಸಲ ಸೇತುವೆ ಕರೆದು, ದಾಟಿ, ವಾಪಸು ಬಂದು, ಹಾಳೆಯ ಮೇಲೆ ಹತ್ತು ಸಲ ‘ಸರಿ’ ಎಂದು ಬರೆದುಕೊಟ್ಟ. ಸಮಾಧಾನಕ್ಕೆ ನಾನೂ ಏಳು ಸಲ ದಾಟಿದೆ. ಸರಿಯಾಗಿಯೇ ಇತ್ತು. ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ಹೊಸ ಆ್ಯಪ್ ಊರಿಗೆ ಹೋಯಿತು.

ಜನರಿಗೆ ಇಷ್ಟವಾಯಿತು. ಈಗ ಸೇತುವೆ ಬರುವವರೆಗೆ ಮೆಸೇಜು ಓದಬಹುದು, ಹಾಡು ಬದಲಾಯಿಸಬಹುದು, ಮನೆಗೆ ಏನು ತರಬೇಕೆಂದು ಕೇಳಬಹುದು. ಆ್ಯಪಿಗೆ ಜನ ಕೊಡುವ ನಕ್ಷತ್ರಗಳು ಎರಡೂವರೆಯಿಂದ ನಾಲ್ಕೂವರೆಗೆ ಏರಿದವು. ಮೇಡಂ ಕಚೇರಿಗೆಲ್ಲ ಮೈಸೂರುಪಾಕು ಹಂಚಿದರು.

ಮೊದಲು ಮಾತೆತ್ತಿದವಳು ಸಣ್ಣೀರಕ್ಕ. ಸೇತುವೆ ಬಂದು ಕೂಡುವ ಅಂಚುಗಲ್ಲಿನ ಪಕ್ಕದಲ್ಲೇ ಮಂಡಕ್ಕಿ, ಹುರಿಗಡಲೆ ಇಟ್ಟುಕೊಂಡು ಕೂರುವವಳು. ಮೂವತ್ತು ವರ್ಷದಿಂದ ಬೆನ್ನು ಕೊರಕಲಿಗೆ, ಮುಖ ಜನಕ್ಕೆ.

“ಏನವ್ವ ಸುಗುಣಾ, ನಿಮ್ ಚಕ್ರ ಬಡವಾಗೋಯ್ತಲ್ಲ?”

“ಬಡವಾಗಿಲ್ಲ ಸಣ್ಣೀರಕ್ಕ, ಚಿಕ್ಕದು ಮಾಡಿದೀವಿ. ಕಾಯೋವಾಗ ಜನ ಬೇರೆ ಕೆಲಸ ಮಾಡ್ಕೋಬಹುದು.”

“ಕಾಯೋವಾಗ ಕಾಯೋದು ಬಿಟ್ಟು ಇನ್ನೇನವ್ವ ಕೆಲ್ಸ?” ಅಂದವಳು ಗಲ್ಲದಲ್ಲೇ ಸಾಲಿನ ಕಡೆ ತೋರಿಸಿದಳು. “ತಲೆ ಎತ್ತವ್ರೆ, ನೋಡು.”

ನೋಡಿದೆ. ಇಪ್ಪತ್ತು ಜನರಲ್ಲಿ ಕಾಲೇಜಿನ ಮೂರು ಹುಡುಗಿಯರ ತಲೆ ಮೇಲಿತ್ತು. ಒಬ್ಬಳ ಫೋನಿನಲ್ಲಿ ಏನನ್ನೋ ನೋಡಿ ಮೂವರೂ ನಗುತ್ತಿದ್ದರು. ನಡುವೆ ಒಮ್ಮೆ ಸೇತುವೆಯ ಕಡೆ ಕಣ್ಣು ಹಾಯಿಸಿದರು. ಅದು ಆಗಲೇ ಕಂಡಿತ್ತು. ಮುಂದಿದ್ದವಳ ಚಪ್ಪಲಿಯ ತುದಿ ಅಂಚುಗಲ್ಲಿನಿಂದ ಎರಡು ಬೆರಳು ಹೊರಗಿತ್ತು. ಆಗ ಫೋನುಗಳು ನಡುಗಿದವು. ಹುಡುಗಿಯರು ದಾಟಿದರು.

ಬೋರಲಿಂಗಣ್ಣ ಹತ್ತು ಸಲ, ನಾನು ಏಳು ಸಲ ದಾಟಿದ್ದು ನೆನಪಾಯಿತು. ಹದಿನೇಳು ಸಲವೂ ನಾವು ತಲೆ ತಗ್ಗಿಸಿದ್ದೆವು. ಯಾರೂ ತಗ್ಗಿಸಿ ಎಂದಿರಲಿಲ್ಲ. ಈ ಊರಿನವರು ತಾನೆ, ತಲೆ ತಾನಾಗಿ ಇಳಿದಿತ್ತು. ನಾವು ಪರೀಕ್ಷೆ ಮಾಡಿದ್ದು ಹೊಸ ಚಕ್ರವನ್ನಲ್ಲ, ಹಳೆಯ ಅಭ್ಯಾಸವನ್ನು.

ಅವತ್ತಿನಿಂದ ಪ್ರತಿ ಸಂಜೆ ಕಚೇರಿ ಬಿಟ್ಟವಳು ಮನೆಗೆ ದಾಟುವ ಮೊದಲು ದಡದಲ್ಲಿ ನಿಂತು ತಲೆಗಳನ್ನು ಎಣಿಸತೊಡಗಿದೆ. ಮೊದಲ ವಾರ ಇಪ್ಪತ್ತರಲ್ಲಿ ನಾಲ್ಕು ಎತ್ತಿದ್ದವು. ಎರಡನೇ ವಾರ ಏಳು. ಹರೆಯದವರು ಮೊದಲು, ಆಮೇಲೆ ಬೈಕಿನವರು, ಆಮೇಲೆ ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡ ತಾಯಂದಿರು. ಒಬ್ಬ ಮೇಷ್ಟರು ತಲೆ ತಗ್ಗಿಸಿದ್ದವರು, ಪಕ್ಕದವನು ಫೋನಿನಲ್ಲಿ ಮಾತಾಡುತ್ತಿರುವುದನ್ನು ನೋಡಿ ಮೆಲ್ಲಗೆ ಎತ್ತಿದ್ದನ್ನು ನಾನೇ ಕಂಡೆ. ಒಂದು ತಲೆ ಎದ್ದರೆ ಅದರ ಅಕ್ಕಪಕ್ಕದ್ದು ಎರಡು ದಿನದಲ್ಲಿ ಏಳುತ್ತಿತ್ತು. ಊಟ ಸೇರುವುದು ನಿಂತಿತು. ಪ್ರತಿ ಸಲ ಫೋನುಗಳು ನಡುಗುವವರೆಗೆ ನಾನು ಉಸಿರು ಹಿಡಿದುಕೊಳ್ಳುತ್ತಿದ್ದೆ. ಆಮೇಲೆ ಬಿಟ್ಟರೂ ಅದು ಪೂರ್ತಿ ಹೊರಗೆ ಹೋಗುತ್ತಿರಲಿಲ್ಲ.

ಗೆರೆ ಬಿದ್ದ ಚಕ್ರವನ್ನು ವಾಪಸು ಹಾಕಲು ಫೋನ್ ಕಂಪನಿಯವರು ಬಿಡುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ನಾನೇ ಒಂದು ಪುಟ ಮಾಡಿದೆ. ಕಪ್ಪು ಪರದೆ, ದೊಡ್ಡ ಚಕ್ರ, ಅದು ನಿಲ್ಲುವ ತನಕ ಬೆರಳಿಗೂ ಮೆಸೇಜಿಗೂ ದಾರಿಯಿಲ್ಲ. ಎರಡು ದಿನದ ಕೆಲಸ. ಊರಿಗೆ ಕಳಿಸಬೇಕಾದರೆ ಮಾತ್ರ ಮೇಡಂ ಅವರ ಪಾಸ್‌ವರ್ಡ್ ಬೇಕು.

“ಬಿದ್ದಿದ್ದಾರಾ ಯಾರಾದ್ರೂ?” ಅಂತ ಕೇಳಿದರು ಮೇಡಂ.

“ಇನ್ನೂ ಇಲ್ಲ ಮೇಡಂ.”

“‘ಇನ್ನೂ’ ಅಂತ ನೀನೇ ಸೇರಿಸ್ಕೋಬೇಡ. ಇಲ್ಲ ಅನ್ನು.”

“ಇಲ್ಲ. ಆದ್ರೆ ಬೀಳ್ತಾರೆ. ತಲೆ ಎತ್ತೋರು ದಿನಾ ಜಾಸ್ತಿ ಆಗ್ತಿದ್ದಾರೆ. ನಾವು ಪರೀಕ್ಷೆ ಮಾಡಿದ್ದೇ ತಪ್ಪು.”

ಬೋರಲಿಂಗಣ್ಣ ಕುರ್ಚಿ ಸಮೇತ ತಿರುಗಿದ. “ಏನಮ್ಮ ತಪ್ಪು? ಹತ್ತು ಸಲ ದಾಟಿ ಬಂದಿದೀನಿ. ಮಂಡಿ ನೋವಿದ್ರೂ.”

“ತಲೆ ತಗ್ಗಿಸ್ಕೊಂಡು ದಾಟಿದ್ರಿ, ಬೋರಲಿಂಗಣ್ಣ.”

“ತಗ್ಗಿಸ್ದೆ ಇನ್ನೇನು, ಕಾಗೆ ಎಣಿಸ್ತಾ ನಿಂತ್ಕೋಬೇಕಿತ್ತಾ?” ಅಂದ. ಅಂದವನು ಹಾಗೇ ಕುರ್ಚಿಯನ್ನು ವಾಪಸು ತಿರುಗಿಸಿಕೊಂಡ. ಅವನಿಗೆ ಹೊಳೆದದ್ದು ನನಗೆ ಕಂಡಿತು.

ಮೇಡಂ ಕೆಟ್ಟವರಲ್ಲ. ಮುಂದಿನ ವಾರ ಮೇಲಿನವರು ಕಚೇರಿ ನೋಡಲು ಬರುವವರಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರಿಗೆ ತೋರಿಸಲು ನಾಲ್ಕೂವರೆ ನಕ್ಷತ್ರಗಳಿದ್ದವು. “ಜನರನ್ನ ತಡೀಬಾರ್ದು ಅಂತ ನೋಟಿಸಲ್ಲೇ ಇದೆ. ನೀನೇ ಓದಿ ಹೇಳಿದ್ದು. ಅವರು ಬಂದು ಹೋಗ್ಲಿ, ಆಮೇಲೆ ನೋಡೋಣ” ಅಂದರು.

ಅವರು ಬಂದು ಹೋಗುವವರೆಗೆ ಒಂಬತ್ತು ದಿನ. ಸುಮ್ಮನಿರಲು ನನ್ನಿಂದ ಆಗಲಿಲ್ಲ. ದಿನವೂ ಸಂಜೆ ದಡದಿಂದಲೇ ಅವರಿಗೆ ಎಣಿಕೆಯನ್ನು ಮೆಸೇಜು ಮಾಡತೊಡಗಿದೆ. ‘ಇಪ್ಪತ್ತೆರಡರಲ್ಲಿ ಒಂಬತ್ತು.’ ‘ಹದಿನೆಂಟರಲ್ಲಿ ಎಂಟು.’ ಅವರು ಉತ್ತರಿಸುತ್ತಿರಲಿಲ್ಲ.

ಗುರುವಾರ ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ದಡದಲ್ಲಿ ಹದಿನೇಳು ಜನ. ಎಲ್ಲರಿಗಿಂತ ಮುಂದೆ ನಾನಿದ್ದೆ. ‘ಕರೆ’ ಒತ್ತಿದೆ. ಹಿಂದೆ ತಿರುಗಿ ಎಣಿಸಿದೆ. ಹನ್ನೆರಡು ತಲೆ ಎತ್ತಿದ್ದವು. ‘ಹದಿನೇಳರಲ್ಲಿ ಹನ್ನೆರಡು’ ಎಂದು ಬರೆದು ಕಳಿಸಿದೆ. ಅರ್ಧಕ್ಕಿಂತ ಹೆಚ್ಚಾಯಿತಲ್ಲ, ನಾಳೆ ಎಷ್ಟಾಗಬಹುದು ಎಂದು ಯೋಚಿಸುತ್ತಾ ಎದುರಿಗೆ ನೋಡಿದೆ. ಸೇತುವೆ ಬಂದಿತ್ತು. ಹಲಗೆ, ಕಂಬಿ, ಸುಣ್ಣದ ಗುರುತು. ಕೈಯಲ್ಲಿ ಫೋನು ಗುಂಯ್ ಎಂದು ನಡುಗಿತು. ಹೆಜ್ಜೆ ಇಟ್ಟೆ.

ಕಾಲಿಗೆ ಏನೂ ಸಿಗಲಿಲ್ಲ. ಮೆಟ್ಟಿಲು ಮುಗಿದದ್ದು ಗೊತ್ತಾಗದೆ ಇನ್ನೊಂದು ಇಳಿದಂತಾಯಿತು, ಆದರೆ ಇಳಿದದ್ದು ಮುಗಿಯಲೇ ಇಲ್ಲ. ಹಲಗೆ ಮೊಣಕಾಲಿನ ಸುತ್ತ ಕಾಣುತ್ತಿತ್ತು, ಕಾಲು ಅದರೊಳಗೆ ಇತ್ತು, ಪಾದಕ್ಕೆ ಕೊರಕಲಿನ ತಣ್ಣನೆ ಗಾಳಿ ತಾಗುತ್ತಿತ್ತು. ಅಷ್ಟರಲ್ಲಿ ಜಡೆಯ ಬುಡ ಕಿತ್ತುಬರುವ ಹಾಗೆ ಯಾರೋ ಹಿಂದಕ್ಕೆ ಜಗ್ಗಿದರು. ಬೆನ್ನು ಅಂಚುಗಲ್ಲಿಗೆ ಬಡಿಯಿತು. ಮಂಡಕ್ಕಿಯ ಬುಟ್ಟಿ ಉರುಳಿತು.

“ಲೇ, ಕಣ್ಣಿಲ್ವೇನೇ ನಿಂಗೆ! ನಿಂಗೇ ಇಲ್ವೇನೇ!” ಸಣ್ಣೀರಕ್ಕ ನನ್ನ ಜಡೆ ಬಿಡದೆ ಕಿರುಚುತ್ತಿದ್ದಳು.

ಎಡಗಾಲಿನ ಚಪ್ಪಲಿ ಹೋಗಿತ್ತು. ಅದು ಕೆಳಗೆ ಮುಟ್ಟಿದ ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿತು. ಹಿಂದಿನವರಲ್ಲಿ ಒಬ್ಬ, “ಏನಾಯ್ತು, ತಲೆ ಸುತ್ತು ಬಂತಾ?” ಅಂದ. ಇನ್ನೊಬ್ಬಳು ನೀರಿನ ಬಾಟಲಿ ಮುಂದೆ ಹಿಡಿದಳು. ಆಗ ಎಲ್ಲರ ಫೋನೂ ಒಟ್ಟಿಗೆ ನಡುಗಿದವು. ನಾನು ಬಿದ್ದ ಅದೇ ಹಲಗೆಯ ಮೇಲೆ ಹದಿನಾರು ಜನ ನನ್ನನ್ನು ಬಳಸಿಕೊಂಡು ದಾಟಿಹೋದರು. ಮಂಡಕ್ಕಿಯ ನಡುವೆ ಕೂತು ನಾನು ಫೋನ್ ನೋಡಿದೆ. ಮೊದಲ ಸಲ ನಡುಗಿದ್ದು ಸೇತುವೆಗಲ್ಲ. ಮೇಡಂ ಅವತ್ತು ಉತ್ತರ ಕೊಟ್ಟಿದ್ದರು. ‘ನೋಡೋಣ.’

ಒಂದೇ ಚಪ್ಪಲಿಯಲ್ಲಿ ಕಚೇರಿಗೆ ವಾಪಸು ನಡೆದೆ. ಮೇಡಂ ಬ್ಯಾಗಿಗೆ ಊಟದ ಡಬ್ಬಿ ತುಂಬಿಕೊಳ್ಳುತ್ತಿದ್ದರು.

“ಒಬ್ಬರು ಬಿದ್ರು ಮೇಡಂ.”

ಡಬ್ಬಿ ಕೈಯಲ್ಲೇ ಉಳಿಯಿತು. “ಯಾರು?”

“ನಾನು.”

ಅವರು ನನ್ನ ಮುಖ ನೋಡಿ, ಕಾಲು ನೋಡಿದರು. “ಪೂರ್ತಿ ಬಿದ್ದಿಲ್ವಲ್ಲ” ಅಂದರು. ಬಾಯಿಂದ ಬಂದ ಮೇಲೆ ಅವರಿಗೇ ಅದು ಹೇಗೆ ಕೇಳಿತೋ, ಕುರ್ಚಿಯಲ್ಲಿ ಕೂತರು. ನಾನು ಫೋನನ್ನು ಅವರ ಮುಂದಿಟ್ಟೆ. ಪಕ್ಕದಲ್ಲಿ ಬಂಡೆಯ ತಂತಿಯ ದಾಖಲೆ ತೆರೆದಿಟ್ಟೆ. ಅವರ ಮೆಸೇಜು ಬಂದದ್ದಕ್ಕೂ ಸೇತುವೆ ಗಟ್ಟಿಯಾದದ್ದಕ್ಕೂ ನಡುವೆ ಇಪ್ಪತ್ತೊಂದು ಸೆಕೆಂಡು. ತಮ್ಮದೇ ಒಂದು ಪದವನ್ನು ಅವರು ಬಹಳ ಹೊತ್ತು ಓದಿದರು.

“ನನ್ನ ಮೆಸೇಜು ಅಂತ ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ.”

ಪಾಸ್‌ವರ್ಡನ್ನು ಅವರೇ ಹಾಕಿದರು. “ಮೇಲಿನವರು ಬಂದಾಗ ನಕ್ಷತ್ರ ಯಾಕೆ ಇಳೀತು ಅಂದ್ರೆ ಉತ್ತರ ನೀನೇ ಕೊಡಬೇಕು.”

“ಕೊಡ್ತೀನಿ.”

ನಕ್ಷತ್ರಗಳು ಮರುದಿನ ಮಧ್ಯಾಹ್ನದೊಳಗೇ ಇಳಿಯತೊಡಗಿದವು. ‘ಫೋನ್ ಸತ್ತಂಗಾಗುತ್ತೆ.’ ‘ಮತ್ತೆ ಹಳೇ ಕಾಲಕ್ಕೆ ಹೋದ್ರು.’ ‘ಯಾರಪ್ಪಾ ಮಾಡಿದ್ದು ಇದನ್ನ, ಒಂದು ಸಲ ದಡದಲ್ಲಿ ನಿಂತು ನೋಡಿದ್ದಾರಾ?’ ಬೈಗುಳಗಳನ್ನು ನಾನು ಖುಷಿಯಿಂದಲೇ ಓದಿದೆ. ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಸಂಜೆ ಬೇಗ ದಡಕ್ಕೆ ಹೋಗಿ ಸಣ್ಣೀರಕ್ಕನ ಪಕ್ಕ ಕೂತೆ.

ಹತ್ತೊಂಬತ್ತು ಜನ ಸೇರಿದರು. ‘ಕರೆ’ ಒತ್ತಿದರು. ಹತ್ತೊಂಬತ್ತು ಸ್ಕ್ರೀನುಗಳು ಕಪ್ಪಾದವು, ದೊಡ್ಡ ಚಕ್ರ ತಿರುಗಿತು. ಜನ ಒಂದೆರಡು ಸಲ ಬೆರಳಲ್ಲಿ ಕುಟ್ಟಿದರು, ಲೊಚಗುಟ್ಟಿದರು. ಆಮೇಲೆ ತಲೆ ಎತ್ತಿದರು. ಫೋನಿನಲ್ಲಿ ನೋಡಲು ಏನೂ ಇಲ್ಲದ್ದರಿಂದ ಎಲ್ಲರೂ ಸೇತುವೆಯನ್ನೇ ನೋಡುತ್ತಾ ನಿಂತರು. ಒಬ್ಬೊಬ್ಬರಾಗಿ ಅಂಚುಗಲ್ಲಿನ ಹತ್ತಿರಕ್ಕೆ ಸರಿದರು. ನಾನು ಎದ್ದು ನಿಂತೆ. ಚಕ್ರವನ್ನು ಎರಡೇ ದಿನದಲ್ಲಿ ಮತ್ತೆ ಮಾಡಿದ್ದೆ. ತಲೆಗಳನ್ನು ಇಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

“ಸರೀರಿ, ಸರೀರಿ” ಎಂದು ಹಿಂದಿನಿಂದ ಯಾರೋ ನುಗ್ಗಿಕೊಂಡು ಬಂದರು. ಬೋರಲಿಂಗಣ್ಣ. ಪ್ಯಾಂಟಿನ ಎರಡೂ ಜೇಬು ಉಬ್ಬಿದ್ದವು. ಒಂದು ಕಲ್ಲು ತೆಗೆದು, ಎಲ್ಲರೂ ನೋಡುತ್ತಿದ್ದ ಸೇತುವೆಯ ಕಡೆ ಎಸೆದ. ಕಲ್ಲು ಸುಣ್ಣದ ಗುರುತಿನ ಮೇಲೆ ಬಿತ್ತು, ಅದರೊಳಗೆ ಹೋಯಿತು, ಇಲ್ಲವಾಯಿತು. ಕೆಳಗಿನಿಂದ ಸದ್ದು ಬಂದಾಗ ಮುಂದಿದ್ದ ನಾಲ್ಕೈದು ಜನ ಹಿಂದಕ್ಕೆ ಸರಿದರು. ಎರಡು ತಲೆಗಳು ಇಳಿದವು.

“ನಮ್ಮಪ್ಪ ಇಪ್ಪತ್ತಾರು ವರ್ಷ ಎಸ್ದ” ಅಂದ ಬೋರಲಿಂಗಣ್ಣ, ನನ್ನ ಕಡೆ ನೋಡದೆ. “ನಾನು ಹತ್ತು ಸಲಾನಾದ್ರೂ ಎಸೀಬೇಕಿತ್ತು.”

ಈಗ ಬೆಳಿಗ್ಗೆ ಕಚೇರಿಗೆ ಮುಂಚೆ ಅವನು ಬಂದು ಕಲ್ಲೆಸೆಯುತ್ತಾನೆ. ಮಧ್ಯಾಹ್ನವೆಲ್ಲ ಸಣ್ಣೀರಕ್ಕ ತಲೆ ಎತ್ತಿದವರನ್ನು ಬೈಯುತ್ತಾಳೆ. ಸಂಜೆ ನಾನು. ಮೇಲಿನವರು ಬಂದು ಹೋದರು. ನಕ್ಷತ್ರ ಯಾಕೆ ಇಳಿಯಿತೆಂದು ಕೇಳಿದರು, ಹೇಳಿದೆ, ಬರೆದುಕೊಂಡರು. ಸಂಜೆ ನಾನು ಅಂಚುಗಲ್ಲಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಂತು, ‘ಕರೆ’ ಒತ್ತಿ, ತಲೆ ತಗ್ಗಿಸುತ್ತೇನೆ. ಯಾವುದಕ್ಕೆ ನಾಚುತ್ತಿದ್ದೆನೋ ಅದನ್ನೇ ಬೇಕಂತಲೇ ಚೂರು ಹೆಚ್ಚಾಗಿ ಮಾಡುತ್ತೇನೆ. ಪಕ್ಕದಲ್ಲಿ ಒಂದೋ ಎರಡೋ ತಲೆ ಇಳಿಯುತ್ತವೆ. ಒಂದು ದಿನ ಹನ್ನೊಂದು ಇಳಿದಿದ್ದವು, ಮರುದಿನ ಆರು. ತಲೆ ತಗ್ಗಿಸಿದ ಮೇಲೆ ತಲೆಗಳು ಕಾಣುವುದಿಲ್ಲ, ಹಾಗಾಗಿ ಈಗ ಕಾಲುಗಳನ್ನು ನೋಡುತ್ತೇನೆ.

ನಿನ್ನೆ ಸಂಜೆ ಒಂದು ಜೊತೆ ಕಂದು ಬೂಟು ನನ್ನ ಪಕ್ಕಕ್ಕೆ ಬಂದು ನಿಂತಿತು. ಹೊಸವು, ಲೇಸು ಇನ್ನೂ ಬಿಳಿ. ನನ್ನ ಚಕ್ರ ತಿರುಗುತ್ತಿತ್ತು. ಬಲಗಡೆಯ ಬೂಟು ಮೇಲೆದ್ದಿತು. ಅಂಗಿ ಕೈಗೆ ಸಿಕ್ಕಿತು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.

“ಏಯ್! ಏನಮ್ಮ ಇದು, ಬಿಡಮ್ಮ!” ಅಂದ ಅವನು. ಮೂವತ್ತರ ಹತ್ತಿರದವನು, ಕಿವಿಯಲ್ಲಿ ಹಾಡಿನ ತಂತಿ. ಹೊಲಿಗೆ ಪರ್ ಎಂದು ಬಿಟ್ಟದ್ದು ಕೇಳಿತು. ಅದೇ ಕ್ಷಣಕ್ಕೆ ಎಲ್ಲರ ಫೋನೂ ನಡುಗಿದವು.

“ಬಂತಲ್ಲ! ಸುಮ್ ಸುಮ್ನೆ ಅಂಗಿ ಹರೀತಾರೆ” ಎಂದು ನನ್ನ ಕೈ ಕೊಡವಿ ಸೇತುವೆ ಹತ್ತಿದ. ಹಲಗೆಗಳ ಮೇಲೆ ಬೂಟು ಟಕ್ ಟಕ್ ಎಂದಿತು. ನಡುಸೇತುವೆಯಲ್ಲಿ ನಿಂತು ಹೊಲಿಗೆ ಎಷ್ಟು ಬಿಟ್ಟಿದೆ ಎಂದು ಮುಟ್ಟಿ ನೋಡಿಕೊಂಡ. ಅವನಿಗೆ ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದ ಅವನು ಯಾವತ್ತೂ ನಂಬುವುದಿಲ್ಲ. ಆಚೆ ದಡದಲ್ಲಿ ಕೊನೆಯ ಕಾಲು ಇಳಿದು ಸೇತುವೆ ಹೋಯಿತು.

“ಬೆರಳು ನೋಯ್ತೇನವ್ವ?” ಅಂದಳು ಸಣ್ಣೀರಕ್ಕ, ಮಂಡಕ್ಕಿ ಅಳೆಯುತ್ತಲೇ.

ಇಲ್ಲ ಅಂದೆ. ಅಂಚುಗಲ್ಲಿನ ಹತ್ತಿರ ಆಗಲೇ ಬೇರೆ ಕಾಲುಗಳು ಬಂದು ನಿಲ್ಲುತ್ತಿದ್ದವು. ‘ಕರೆ’ ಒತ್ತಿ ತಲೆ ತಗ್ಗಿಸಿದೆ.